ಇಳಿತದಲ್ಲಿ ನಡೆದು ಹೋಗುವ ದಾರಿ: ಉತ್ತರ ಕನ್ನಡದ ಕಡಲಂಚಿನ ಕಿರುದ್ವೀಪಗಳಿಗೆ ಕಾಲ್ನಡಿಗೆ ಮಾರ್ಗದರ್ಶಿ

ಮಾಜಾಳಿಯಿಂದ ಭಟ್ಕಳದವರೆಗೆ ನಮ್ಮ ಜಿಲ್ಲೆಯ ಕಡಲಂಚಿನಲ್ಲಿ, ದಡದಿಂದ ಕೂಗಳತೆಯಲ್ಲೇ, ಎಷ್ಟೋ ಕಲ್ಲುಗುಡ್ಡೆಗಳು, ಕುರುಚಲು ಹೊತ್ತ ತುಂಡು ನೆಲಗಳು ನಿಂತಿವೆ. ಭರತದ ಹೊತ್ತಿಗೆ ಸುತ್ತಲೂ ನೀರು. ಇಳಿತ ಬಂತೆಂದರೆ ಮರಳಿನ ಪಟ್ಟಿಯೋ ಬಂಡೆಯ ಸಾಲೋ ಹೊರಬಂದು ದಾರಿ ಬಿಡುತ್ತದೆ. ಹಲವಕ್ಕೆ ನಕಾಶೆಯಲ್ಲಿ ಹೆಸರೂ ಇಲ್ಲ. ರಜೆಗೆ ಬಂದವರು ನೋಡುತ್ತಾರೆ, ಮೊಣಕಾಲುದ್ದ ನೀರು ತಾನೇ ಎಂದು ಪ್ಯಾಂಟು ಮಡಚಿ ಹೊರಟುಬಿಡುತ್ತಾರೆ. ಹೋಗುವುದೇನೂ ಕಷ್ಟವಲ್ಲ. ವಾಪಸ್ ಬರುವ ಹೊತ್ತನ್ನು ಮೊದಲೇ ಗೊತ್ತುಮಾಡಿಕೊಳ್ಳದೆ ಹೋಗುವುದೇ ಇಲ್ಲಿ ಆಗುವ ಎಲ್ಲ ಅವಾಂತರಗಳ ಮೂಲ. ಆದ್ದರಿಂದ ಈ ಲೇಖನದ ಬಹುಪಾಲು ವಾಪಸ್ ಬರುವುದರ ಬಗ್ಗೆ.

ಯಾವುದಕ್ಕೆ ಕಾಲು, ಯಾವುದಕ್ಕೆ ದೋಣಿ

ಮೊದಲು ಪಟ್ಟಿಯಿಂದ ತೆಗೆದುಹಾಕಬೇಕಾದವನ್ನು ತೆಗೆದುಹಾಕೋಣ. ಕಾರವಾರದ ಕೂರ್ಮಗಡ, ದೀಪಸ್ತಂಭವಿರುವ ದೇವಗಡ, ಹೊನ್ನಾವರದ ಬಸವರಾಜದುರ್ಗ, ಮುರ್ಡೇಶ್ವರದ ಆಚೆಗಿನ ನೇತ್ರಾಣಿ ಇವೆಲ್ಲ ದೋಣಿಯ ದ್ವೀಪಗಳು. ಯಾವ ಅಮಾವಾಸ್ಯೆಯ ಇಳಿತಕ್ಕೂ ಅಲ್ಲಿಗೆ ಕಾಲುದಾರಿ ಬೀಳುವುದಿಲ್ಲ. ಕೂರ್ಮಗಡದ ನರಸಿಂಹ ದೇವರ ಜಾತ್ರೆಗೆ ಪುಷ್ಯ ಹುಣ್ಣಿಮೆಯಂದು ಇಡೀ ಊರು ಹೋಗುವುದೂ ದೋಣಿಯಲ್ಲೇ.

ಅಂಜುದೀವ್ ಬೇರೆಯೇ ಲೆಕ್ಕ. ಹೆದ್ದಾರಿಯಲ್ಲಿ ಹೋಗುವಾಗ ಅದು ದಡಕ್ಕೆ ಅಂಟಿಕೊಂಡಂತೆ ಕಾಣುತ್ತದೆ, ಅಲೆತಡೆ ಗೋಡೆಯೂ ಇದೆ. ಆದರೆ ಅದು ಕದಂಬ ನೌಕಾನೆಲೆಯ ಜಾಗ. ಅರ್ಗಾ, ಬಿಣಗಾ ಸುತ್ತಮುತ್ತಲ ನೌಕಾಪಡೆಯ ಬೇಲಿಯ ಬಳಿ "ಸ್ವಲ್ಪ ಬಂಡೆ ಮೇಲೆ ಹೋಗಿ ಫೋಟೋ ತೆಗೀತೇನೆ" ಅನ್ನುವ ಮಾತೇ ಬೇಡ. ಫಲಕ ಕಂಡಲ್ಲಿಂದ ಹಿಂದಕ್ಕೆ ತಿರುಗಿ, ಡ್ರೋನ್ ಚೀಲದಿಂದ ಹೊರಗೇ ತೆಗೆಯಬೇಡಿ.

ಉಳಿದವು ಎರಡು ಜಾತಿ. ಒಂದು, ತೆರೆದ ಕಡಲಿನ ಬಂಡೆಗುಡ್ಡೆಗಳು. ಎಲ್ಲರಿಗೂ ಗೊತ್ತಿರುವ ಉದಾಹರಣೆ ಗೋಕರ್ಣದ ಓಂ ಕಡಲತೀರ. ಎರಡು ಅರ್ಧಚಂದ್ರಗಳು ಕೂಡುವಲ್ಲಿ ಸಮುದ್ರಕ್ಕೆ ಚಾಚಿಕೊಂಡ ಬಂಡೆಗಳಿವೆಯಲ್ಲ, ಇಳಿತದಲ್ಲಿ ಅವುಗಳ ತುದಿಯವರೆಗೆ ನಡೆಯಬಹುದು, ಭರತದಲ್ಲಿ ಅಲೆ ಎರಡೂ ಕಡೆಯಿಂದ ಬಡಿಯುತ್ತದೆ. ಇಂಥವೇ ಚಿಕ್ಕಪುಟ್ಟವು ಕುಮಟಾ, ಅಂಕೋಲಾ, ಹೊನ್ನಾವರದ ಬೇಲೆಗಳಲ್ಲೂ (ಕಡಲತೀರಗಳಲ್ಲೂ) ಸಿಗುತ್ತವೆ. ಇನ್ನೊಂದು ಜಾತಿ ಅಳಿವೆಯೊಳಗಿನ ನಡುಗಡ್ಡೆಗಳು, ನಾವು ಕುರ್ವೆ ಅನ್ನುವಂಥವು. ಶರಾವತಿಯ ಮಾವಿನಕುರ್ವೆ, ಅಘನಾಶಿನಿಯ ಐಗಳಕುರ್ವೆಯಂಥ ದೊಡ್ಡವು ಜನವಸತಿಯ ಊರುಗಳು, ಅವಕ್ಕೆ ಅವುಗಳದೇ ದಾರಿಗಳಿವೆ. ಅವುಗಳ ಆಸುಪಾಸಿನಲ್ಲಿ ಇಳಿತಕ್ಕೆ ಎದ್ದು ನಿಲ್ಲುವ ಮರಳುದಿಬ್ಬ, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಪುಟ್ಟ ತುಂಡುಗಳ ಬಗ್ಗೆ ನಾನು ಹೇಳುತ್ತಿರುವುದು.

ಇಷ್ಟು ಬಿಡಿಸಿ ಹೇಳಲು ಕಾರಣ, ಎರಡರ ಅಪಾಯವೂ ಬೇರೆ ಬೇರೆ. ಬಂಡೆಗುಡ್ಡೆಯಲ್ಲಿ ಹೆದರಬೇಕಾದ್ದು ಅಲೆಗೆ. ಅಳಿವೆಯಲ್ಲಿ ರಾಡಿಗೆ ಮತ್ತು ಸೆಳೆತಕ್ಕೆ.

ನಮ್ಮ ಕಡಲಿನ ಏರಿಳಿತ ಎಷ್ಟು

ಮುಂಬಯಿಯ ಹಾಜಿ ಅಲಿ ದರ್ಗಾಕ್ಕೆ ಹೋಗುವ ದಾರಿ ಭರತದಲ್ಲಿ ಮುಳುಗುವುದನ್ನು ಬಹಳ ಜನ ನೋಡಿದ್ದೀರಿ. ಗುಜರಾತಿನ ಭಾವನಗರದ ಹತ್ತಿರ ಕೋಳಿಯಾಕ್‌ನಲ್ಲಿ ನಿಷ್ಕಲಂಕ ಮಹಾದೇವನ ಲಿಂಗಗಳಿಗೆ ಇಳಿತದ ಹೊತ್ತು ಕಾದು ನಡೆದೇ ಹೋಗುತ್ತಾರೆ. ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ದ್ವೀಪದ ರಸ್ತೆಯಲ್ಲಿ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ದಾಟಬಹುದು ಎಂಬ ಫಲಕವಿದೆ. ಅದನ್ನು ಓದಿಯೂ ಕಾರು ಓಡಿಸಿ ನಡುನೀರಿನಲ್ಲಿ ಸಿಕ್ಕಿಕೊಳ್ಳುವವರು ಅಲ್ಲೂ ಇದ್ದಾರೆ, ಅವರಿಗಾಗಿ ದಾರಿಯ ಮಧ್ಯೆ ಕಂಬಗಳ ಮೇಲೆ ಒಂದು ಆಸರೆ ಗೂಡನ್ನೇ ಕಟ್ಟಿಟ್ಟಿದ್ದಾರೆ.

ನಮ್ಮಲ್ಲಿ ಫಲಕವೂ ಇಲ್ಲ, ಗೂಡೂ ಇಲ್ಲ. ಆದರೆ ಏರಿಳಿತವೂ ಅಷ್ಟಿಲ್ಲ. ಖಂಭಾತ್ ಕೊಲ್ಲಿಯಲ್ಲಿ ನೀರು ಹತ್ತು ಮೀಟರಿಗೂ ಮೀರಿ ಏರಿಳಿದರೆ, ಕಾರವಾರದಲ್ಲಿ ಹುಣ್ಣಿಮೆ ಅಮಾವಾಸ್ಯೆಯ ಹೊತ್ತಿಗೆ ಒಂದೂವರೆ ಮೀಟರಿನ ಆಸುಪಾಸು, ಅಷ್ಟಮಿಯ ಹೊತ್ತಿಗೆ ಅದರ ಅರ್ಧ. ಇದರಿಂದ ಎರಡು ಪರಿಣಾಮ. ನಮ್ಮ ದಾರಿಗಳು ಗಿಡ್ಡ, ಬಹಳವಾದರೆ ಕೆಲವು ನೂರು ಹೆಜ್ಜೆ. ಮತ್ತು ಒಂದೂವರೆ ಮೀಟರಿನ ಏರಿಳಿತವನ್ನು ಒಂದು ಮೀಟರಿನ ಅಲೆ ಅರ್ಧದಷ್ಟು ನುಂಗಿಬಿಡುತ್ತದೆ. ಭರತ-ಇಳಿತದ ಹೊತ್ತು ಹೇಳುವ ಕೋಷ್ಟಕ ಸರಿಯಾಗಿಯೇ ಇರುತ್ತದೆ, ದಾರಿ ಮಾತ್ರ ತೆರೆದಿರುವುದಿಲ್ಲ.

ದಿನ ಆರಿಸುವುದು: ಪಂಚಾಂಗ ಮೊದಲು, ಕೋಷ್ಟಕ ಆಮೇಲೆ

ಭಾನುವಾರ ನೋಡಿ ಹೋಗುವ ಜಾಗ ಇದಲ್ಲ, ತಿಥಿ ನೋಡಿ ಹೋಗುವ ಜಾಗ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತಿನ ಇಳಿತ ನಾಳೆ ಸರಾಸರಿ 50 ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ ಅಥವಾ ಅಮಾವಾಸ್ಯೆಯಂದು ಕಾರವಾರದ ಕಡೆ ಭರತ ಬರುವುದು ಬೆಳಗಿನ 11 ಗಂಟೆಯ ಸುಮಾರಿಗೆ, ಮತ್ತೆ ರಾತ್ರಿ 11ರ ಮೇಲೆ. ಅಂದರೆ ಇಳಿತ ಬೆಳಗಿನ ಜಾವ 5ರ ಹತ್ತಿರ, ಸಂಜೆ ಮತ್ತೆ 5ರ ಮೇಲೆ. ಇಷ್ಟು ನೆನಪಿಟ್ಟುಕೊಂಡರೆ ಗೋಡೆಯ ಕ್ಯಾಲೆಂಡರ್ ನೋಡಿಯೇ ಅಂದಾಜು ಸಿಗುತ್ತದೆ. ಒಂದೊಂದು ತಿಥಿಗೆ ಮುಕ್ಕಾಲು ಗಂಟೆ ಚಿಲ್ಲರೆ ಸೇರಿಸುತ್ತ ಹೋಗಿ: ಬಿದಿಗೆಗೆ ಬೆಳಗ್ಗೆ ಆರೂವರೆಯ ಹತ್ತಿರ, ತದಿಗೆಗೆ ಏಳರ ಮೇಲೆ, ಚೌತಿಗೆ ಎಂಟರ ಸುಮಾರು. ಒಂದು ಗಂಟೆ ಆಚೀಚೆ ಆಗಬಹುದು, ಆದರೆ ಯಾವ ದಿನ ರಜೆ ಹಾಕಬೇಕು ಎಂದು ತೀರ್ಮಾನಿಸಲು ಧಾರಾಳ ಸಾಕು.

ನನ್ನ ಆಯ್ಕೆ ಯಾವತ್ತೂ ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ಮೇಲಿನ ಬಿದಿಗೆ, ತದಿಗೆ, ಚೌತಿ. ನೀರು ಅತಿ ಹೆಚ್ಚು ಇಳಿಯುವುದು ಹುಣ್ಣಿಮೆಯ ದಿನವೇ ಅಲ್ಲ, ಒಂದೆರಡು ದಿನ ಕಳೆದ ಮೇಲೆ. ಆ ದಿನಗಳಲ್ಲಿ ಬೆಳಗಿನ ಇಳಿತವೂ ಬೆಳಕು ಹರಿದ ಹೊತ್ತಿಗೇ ಬೀಳುತ್ತದೆ. ಬಿಸಿಲಿಲ್ಲ, ಗಾಳಿ ಎದ್ದಿರುವುದಿಲ್ಲ, ಮುಂದೆ ಇಡೀ ಹಗಲಿದೆ.

ಸಂಜೆಯ ಇಳಿತ ಮಾತ್ರ ಬೇಡ. ಸೂರ್ಯಾಸ್ತದ ಚಿತ್ರಕ್ಕೆ ಆ ಗುಡ್ಡೆಗಿಂತ ಒಳ್ಳೆಯ ಜಾಗ ಇಲ್ಲ, ಒಪ್ಪಿದೆ. ಆದರೆ ಸೂರ್ಯ ಮುಳುಗಿ, ಒಂದೆರಡು ಫೋಟೋ ನೋಡಿ, ಚಪ್ಪಲಿ ಹುಡುಕಿ ಏಳುವ ಹೊತ್ತಿಗೆ ನೀರು ಏರತೊಡಗಿರುತ್ತದೆ, ಕತ್ತಲೂ ಕವಿದಿರುತ್ತದೆ, ಬಂಡೆಯ ಸಂದಿನ ಆಳ ಕಣ್ಣಿಗೆ ಬೀಳುವುದಿಲ್ಲ. ಸೂರ್ಯಾಸ್ತವನ್ನು ದಡದಲ್ಲಿ ಕೂತೇ ನೋಡಿ.

ಅಷ್ಟಮಿ, ನವಮಿಯ ಸುತ್ತ ಇಳಿತ ನಡುಹಗಲಿಗೆ ಬರುವುದರಿಂದ ಹೊತ್ತು ಅನುಕೂಲ ಅನ್ನಿಸುತ್ತದೆ. ಆದರೆ ಆಗ ನೀರು ಇಳಿಯುವುದೇ ಕಡಿಮೆ. ಹಲವು ದಾರಿಗಳು ಆ ದಿನಗಳಲ್ಲಿ ತೆರೆಯುವುದೇ ಇಲ್ಲ.

ದಿನ ಗೊತ್ತಾದ ಮೇಲೆ ಕೋಷ್ಟಕ. ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿ ವರ್ಷ ಬಂದರುಗಳ ಭರತ-ಇಳಿತದ ಕೋಷ್ಟಕ ಹೊರತರುತ್ತದೆ. ಮೊಬೈಲಿನಲ್ಲೂ ಬೇಕಾದಷ್ಟು ಆ್ಯಪ್‌ಗಳಿವೆ. ಕಾರವಾರ ಎಂದು ಆರಿಸಿಕೊಳ್ಳಿ, ಹೊತ್ತು ಭಾರತೀಯ ಸಮಯದಲ್ಲೇ ತೋರಿಸುತ್ತಿದೆಯೇ ಎಂದು ನೋಡಿಕೊಳ್ಳಿ. ಕೋಷ್ಟಕದಲ್ಲಿ ಬೆಳಗ್ಗೆ 7.20ಕ್ಕೆ 0.3 ಮೀಟರ್, ಮಧ್ಯಾಹ್ನ 1.30ಕ್ಕೆ 1.8 ಮೀಟರ್ ಎಂದಿದೆ ಅಂದುಕೊಳ್ಳಿ. ಆ 0.3 ಅಂದರೆ ನಿಮ್ಮ ದಾರಿಯ ಮೇಲೆ 30 ಸೆಂಟಿಮೀಟರ್ ನೀರು ಎಂದಲ್ಲ. ಅತಿ ಕಡಿಮೆ ಇಳಿತದ ಹತ್ತಿರದ ಒಂದು ಗೊತ್ತುಮಾಡಿದ ಮಟ್ಟದಿಂದ ಮೇಲಕ್ಕೆ ಅಳೆದ ಲೆಕ್ಕ ಅದು. ಇನ್ನೊಂದು ಸಂಗತಿ: ದಿನಕ್ಕೆ ಎರಡು ಇಳಿತ ಇದ್ದರೂ ನಮ್ಮ ಕರಾವಳಿಯಲ್ಲಿ ಎರಡೂ ಸಮಾನ ಅಲ್ಲ. ಒಂದು 0.3ಕ್ಕೆ ಇಳಿದರೆ ಇನ್ನೊಂದು 0.8ಕ್ಕೇ ನಿಂತುಬಿಡಬಹುದು. ಹೊತ್ತಿನ ಜೊತೆ ಎತ್ತರವನ್ನೂ ಓದದಿದ್ದರೆ ಕೋಷ್ಟಕ ನೋಡಿಯೂ ಪ್ರಯೋಜನವಿಲ್ಲ.

ಮೊದಲ ಸಲ ದಾಟಬೇಡಿ, ನೋಡಿ

ಇದನ್ನು ಯಾರೂ ಮಾಡುವುದಿಲ್ಲ, ಮಾಡಬೇಕಾದ್ದು ಇದೇ. ಗೊತ್ತಿಲ್ಲದ ಗುಡ್ಡೆಯಾದರೆ ಮೊದಲ ಸಲ ದಡದಲ್ಲೇ ಕೂತು, ದಾರಿ ಎಷ್ಟು ಗಂಟೆಗೆ ತೆರೆಯಿತು, ಎಷ್ಟು ಗಂಟೆಗೆ ಮುಚ್ಚಿತು ಬರೆದಿಟ್ಟುಕೊಳ್ಳಿ. ಮನೆಗೆ ಬಂದು ಕೋಷ್ಟಕದ ಜೊತೆ ಹೋಲಿಸಿದರೆ ಆ ಹೊತ್ತಿಗೆ ನೀರಿನ ಮಟ್ಟ ಎಷ್ಟಿತ್ತು ಎಂದು ತಿಳಿಯುತ್ತದೆ. 0.7ಕ್ಕಿಂತ ಕೆಳಗೆ ಇಳಿದಾಗ ತೆರೆಯಿತು ಎಂದಾದರೆ ಆ ಜಾಗಕ್ಕೆ ಅದೇ ಕೀಲಿಕೈ. ಮುಂದಿನ ಸಲ ಯಾವ ದಿನ ಎಷ್ಟು ಹೊತ್ತು ಸಿಗುತ್ತದೆ ಎಂದು ಮನೆಯಲ್ಲೇ ಕೂತು ಹೇಳಬಹುದು.

ಬಂಡೆಯ ದಾರಿಗೆ ಈ ಲೆಕ್ಕ ವರ್ಷಗಟ್ಟಲೆ ನಡೆಯುತ್ತದೆ. ಮರಳಿನ ದಾರಿಗೆ ನಡೆಯುವುದಿಲ್ಲ. ಗುಡ್ಡೆಯ ಎರಡೂ ಬದಿಯಿಂದ ಬಾಗಿ ಬರುವ ಅಲೆಗಳು ಅದರ ಹಿಂದೆ ಸೇರುವಲ್ಲಿ ಶಕ್ತಿ ಕಳೆದುಕೊಂಡು ಮರಳು ಉದುರಿಸುತ್ತವೆ, ದಡಕ್ಕೂ ಗುಡ್ಡೆಗೂ ನಡುವೆ ಏರಿ ಬೆಳೆಯುವುದು ಹೀಗೆ. ಮಳೆಗಾಲದ ಅಲೆ ಆ ಮರಳನ್ನೆಲ್ಲ ಎಳೆದುಕೊಂಡು ಹೋಗುತ್ತದೆ, ದೀಪಾವಳಿಯ ನಂತರ ಮೆಲ್ಲಗೆ ಮತ್ತೆ ಕೂಡುತ್ತದೆ. ಹೋದ ಬೇಸಿಗೆಯಲ್ಲಿ ಎಡಗಡೆ ಇದ್ದ ದಾರಿ ಈ ವರ್ಷ ಬಲಗಡೆ ಇರಬಹುದು, ಇಲ್ಲದೆಯೂ ಇರಬಹುದು. ಯಾರದೋ ಹಳೆಯ ವಿಡಿಯೋ ನಂಬಿ ಹೊರಡಬೇಡಿ.

ಗುಡ್ಡೆಯನ್ನೂ ಓದಿ. ನೆತ್ತಿಯಲ್ಲಿ ಹುಲ್ಲು, ಕೇದಗೆ, ಕುರುಚಲು ಇದ್ದರೆ ಭರತದಲ್ಲೂ ಆ ಭಾಗ ಒಣಗಿರುತ್ತದೆ. ಅದರ ಕೆಳಗೆ ಬಂಡೆಯ ಬಣ್ಣ ಕಪ್ಪಾಗುತ್ತದೆ, ಇನ್ನೂ ಕೆಳಗೆ ಚೂಪು ಚಿಪ್ಪುಗಳು ಒತ್ತೊತ್ತಾಗಿ ಅಂಟಿದ ಪಟ್ಟಿ. ಆ ಚಿಪ್ಪಿನ ಮೇಲಂಚು ಎಂದರೆ ನೀರು ದಿನವೂ ಬಂದು ಮುಟ್ಟುವ ಗೆರೆ. ಚಿಪ್ಪು ನೆತ್ತಿಯವರೆಗೂ ಹತ್ತಿದ್ದರೆ ಆ ಬಂಡೆ ಪೂರ್ತಿ ಮುಳುಗುತ್ತದೆ. ಅಂಥದರ ಮೇಲೆ ಸಿಕ್ಕಿಕೊಂಡರೆ ಕೂರಲು ಜಾಗವೇ ಇಲ್ಲ, ಹಾಗಾಗಿ ಅಲ್ಲಿಗೆ ಹೋಗಲೇಬೇಡಿ.

ಅಲೆಯ ಲೆಕ್ಕ

ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕರಾವಳಿಯ ಅಲೆಯ ಮುನ್ಸೂಚನೆಯನ್ನು ದಿನವೂ ಕೊಡುತ್ತದೆ. ಅದರಲ್ಲಿ ಅಲೆಯ ಎತ್ತರದ ಜೊತೆಗೆ ಒಂದು ಅಲೆಗೂ ಇನ್ನೊಂದಕ್ಕೂ ಇರುವ ಅಂತರ ಎಷ್ಟು ಸೆಕೆಂಡ್ ಎಂಬುದನ್ನೂ ನೋಡಿ. ಎಂಟು ಸೆಕೆಂಡಿನ ಅಲೆ ಹತ್ತಿರದ ಗಾಳಿ ಎಬ್ಬಿಸಿದ್ದು. ಹದಿನೈದು ಸೆಕೆಂಡ್ ದಾಟಿದ್ದು ಸಾವಿರಾರು ಕಿಲೋಮೀಟರ್ ದೂರದ ಬಿರುಗಾಳಿಯಿಂದ ಹೊರಟು ಬಂದದ್ದು. ನಡುಗಡಲಲ್ಲಿ ಅದು ಕಣ್ಣಿಗೇ ಕಾಣುವುದಿಲ್ಲ, ಬಂಡೆಗೆ ಬಂದಾಗ ಮನೆ ಎತ್ತರ ಹಾರುತ್ತದೆ. ಕೇರಳದವರು ಕಳ್ಳಕಡಲು ಅನ್ನುವುದು ಇದನ್ನೇ. ಆಕಾಶ ತಿಳಿಯಾಗಿರುವ ಏಪ್ರಿಲ್-ಮೇಯಲ್ಲೇ ಅದು ಹೆಚ್ಚು. ನಮ್ಮ ಜಿಲ್ಲೆಗೂ ಎಚ್ಚರಿಕೆ ಬರುತ್ತದೆ. ಬಂದ ದಿನ ಬಂಡೆಯ ಕಡೆ ತಲೆ ಹಾಕಬೇಡಿ.

ಮಳೆಗಾಲದ ಬಗ್ಗೆ ಎರಡು ಮಾತೂ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ. ನವೆಂಬರಿನಿಂದ ಮಾರ್ಚ್, ಅಷ್ಟೇ ನಮ್ಮ ಕಾಲ.

ದಡಕ್ಕೆ ಬಂದ ಮೇಲೆ ಕಾಲು ಗಂಟೆ ನಿಂತು ನೋಡಿ. ದೊಡ್ಡ ಅಲೆಗಳು ಒಂಟಿಯಾಗಿ ಬರುವುದಿಲ್ಲ, ಗುಂಪಾಗಿ ಬರುತ್ತವೆ. ಐದಾರು ನಿಮಿಷ ಸುಮ್ಮನಿದ್ದು ಆಮೇಲೆ ಸಾಲಾಗಿ ನಾಲ್ಕು ಬಡಿಯುತ್ತವೆ. ಆ ಸುಮ್ಮನಿದ್ದ ಐದು ನಿಮಿಷ ನೋಡಿ ಹೊರಟವರೇ ಬಂಡೆಯಿಂದ ಜಾರುವವರು. ಇಡೀ ಕಾಲು ಗಂಟೆಯಲ್ಲಿ ಒಂದೇ ಒಂದು ಅಲೆ ನಿಮ್ಮ ದಾರಿಯನ್ನು ದಾಟಿ ಹೋದರೂ ಅವತ್ತು ದಾರಿ ಇಲ್ಲ ಎಂದೇ ಲೆಕ್ಕ.

ಯಾರನ್ನು ಕೇಳಬೇಕು, ಏನು ಕೇಳಬೇಕು

"ಅಲ್ಲಿಗೆ ಹೋಗಬಹುದಾ?" ಎಂದು ಕೇಳಿದರೆ "ಹೋಗ್ಬಹುದು, ಹೋಗಿ" ಎಂದೇ ಉತ್ತರ. ನಮ್ಮ ಕರಾವಳಿಯವರು ಬಂದವರಿಗೆ ಇಲ್ಲ ಅನ್ನುವುದು ಕಡಿಮೆ, ಮೇಲಾಗಿ ಅವರು ಹೇಳುವುದು ಅವರ ಕಾಲಿನ ಲೆಕ್ಕದಲ್ಲಿ. ಕೇಳಬೇಕಾದ್ದು ಹೀಗೆ: "ಅಣ್ಣಾ, ಇವತ್ತು ವಾಪಸ್ ಬರೂಕೆ ಎಷ್ಟೊತ್ತಿನವರೆಗೆ ಆಗ್ತದೆ?" ಈ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಅವರು ಒಮ್ಮೆ ನೀರಿನ ಕಡೆ ನೋಡುತ್ತಾರೆ. "ಒಂಬತ್ತರ ಒಳಗೆ ಬಂದ್ಬಿಡಿ" ಅಂದರೆ ಎಂಟೂವರೆ ಎಂದು ಬರೆದುಕೊಳ್ಳಿ. ಕಾರವಾರ, ಅಂಕೋಲೆಯ ಕಡೆ ಕೊಂಕಣಿ ಮಾತಾಡುವವರು ಭರ್ತಿ, ಸುಕ್ತಿ ಅನ್ನುತ್ತಾರೆ. ಸುಕ್ತಿ ಎಷ್ಟೊತ್ತಿಗೆ ಎಂದು ಕೇಳಿದರೆ ಅರ್ಧ ಕೆಲಸ ಆಯಿತು.

ಅಘನಾಶಿನಿಯಲ್ಲಿ ಕೇಳುವುದೂ ಬೇಕಾಗಿಲ್ಲ, ನೋಡಿದರೆ ಸಾಕು. ಇಳಿತಕ್ಕೆ ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುವ ಹೆಂಗಸರು ಗುಂಪಾಗಿ ನೀರಿಗೆ ಇಳಿದಿರುತ್ತಾರೆ. ಬಗ್ಗಿ, ಕೆಸರಿನಲ್ಲಿ ಕೈಯಾಡಿಸಿ, ಸಿಕ್ಕಿದ್ದನ್ನು ಬುಟ್ಟಿಗೆ ಹಾಕುತ್ತ ಇಂಚಿಂಚೇ ಸರಿಯುತ್ತಾರೆ. ನೀರು ತಿರುಗಿದ್ದು ನಮಗೆ ಗೊತ್ತಾಗುವ ಎಷ್ಟೋ ಮೊದಲು ಅವರಿಗೆ ಗೊತ್ತಾಗಿರುತ್ತದೆ. ಬುಟ್ಟಿಯನ್ನು ನೀರಲ್ಲಿ ಅದ್ದಿ ಕುಲುಕಿ ತೊಳೆಯತೊಡಗಿದರು ಎಂದರೆ ಅವರ ಕೆಲಸ ಮುಗಿಯಿತು, ನಿಮ್ಮದೂ ಮುಗಿಯಿತು. "ನೀರು ಏರೂಕೆ ಹಿಡೀತು, ಬನ್ನಿ ಬನ್ನಿ" ಎಂದು ಕೂಗಿದರಂತೂ ಇನ್ನೊಂದು ಫೋಟೋ ಎಂದು ನಿಲ್ಲಬೇಡಿ. ಅವರ ಫೋಟೋ ತೆಗೆಯುವುದಿದ್ದರೆ "ಅಕ್ಕಾ, ತೆಗೀಲಾ?" ಎಂದು ಕೇಳಿ. ಈ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅದಕ್ಕೂ ಎಷ್ಟೋ ಮೊದಲಿನಿಂದ ಅದು ಅವರ ಗದ್ದೆ.

ಕಾಲಿಗೆ, ಕೈಗೆ

ಬರಿಗಾಲು ಬೇಡ, ಹವಾಯಿ ಚಪ್ಪಲಿಯೂ ಬೇಡ. ಬಂಡೆಗೆ ಅಂಟಿದ ಚಿಪ್ಪು ಬ್ಲೇಡಿನಂತೆ ಕೊಯ್ಯುತ್ತದೆ, ರಾಡಿ ಹವಾಯಿಯನ್ನು ಇಟ್ಟುಕೊಂಡುಬಿಡುತ್ತದೆ. ಹಿಂದೆ ಪಟ್ಟಿ ಇರುವ ಪ್ಲಾಸ್ಟಿಕ್ ಸ್ಯಾಂಡಲ್, ಮೀನುಪೇಟೆಯ ಅಂಗಡಿಗಳಲ್ಲಿ ಸಿಗುವಂಥದ್ದು, ಎಲ್ಲಕ್ಕಿಂತ ವಾಸಿ. ಕೈಯಲ್ಲೊಂದು ಎದೆಮಟ್ಟದ ಬಿದಿರುಕೋಲು. ಮೊಬೈಲು, ನೀರು, ಒಂದು ಸೀಟಿ, ಇಷ್ಟು ಬೆನ್ನಿನ ಚೀಲದಲ್ಲಿ. ಎರಡೂ ಕೈ ಖಾಲಿ ಇರಬೇಕು. ದಡದಲ್ಲಿ ಒಬ್ಬರಾದರೂ ಉಳಿಯಲಿ. ಇಲ್ಲದಿದ್ದರೆ ಹತ್ತಿರದ ಗೂಡಂಗಡಿಯಲ್ಲಿ "ಇಷ್ಟೊತ್ತಿಗೆ ಬರ್ತೇವೆ" ಎಂದು ಹೇಳಿಹೋಗಿ, ಬಂದ ಮೇಲೆ ಬಂದೆವು ಎಂದೂ ಹೇಳಿ.

ಶಿರಸಿ, ಸಿದ್ದಾಪುರದಿಂದ ಇಳಿದು ಬರುವವರಿಗೆ ಒಂದು ಮಾತು. ಏಳು ಗಂಟೆಯ ಇಳಿತ ಹಿಡಿಯಬೇಕೆಂದರೆ ದೇವಿಮನೆ ಘಟ್ಟವನ್ನು ಕತ್ತಲಲ್ಲಿ ಇಳಿಯಬೇಕು. ಅದಕ್ಕಿಂತ ಹಿಂದಿನ ರಾತ್ರಿ ಕುಮಟಾದಲ್ಲೋ ಗೋಕರ್ಣದಲ್ಲೋ ಉಳಿಯುವುದು ಮೇಲು. ತಡವಾಗಿ ತಲುಪಿ, ಇಷ್ಟು ದೂರ ಬಂದೆವಲ್ಲ ಎಂದು ಏರುವ ನೀರಿಗೆ ಇಳಿಯುವವರೇ ಹೆಚ್ಚು.

ದಾಟುವುದು

ಹೊರಡಬೇಕಾದ್ದು ಇಳಿತದ ಹೊತ್ತಿಗಿಂತ ಒಂದು, ಒಂದೂಕಾಲು ಗಂಟೆ ಮೊದಲು, ನೀರು ಇನ್ನೂ ಇಳಿಯುತ್ತಿರುವಾಗ. ಕೋಷ್ಟಕದ ಇಳಿತದ ಹೊತ್ತಿಗೆ ಸರಿಯಾಗಿ ನೀವು ಆಚೆಯಿಂದ ವಾಪಸ್ ಹೊರಟಿರಬೇಕು. ಇಳಿತದ ಹೊತ್ತಿಗೆ ದಡ ಬಿಡುವವರ ತಲೆಯಲ್ಲಿರುವುದು "ಈಗಷ್ಟೇ ಪೂರ್ತಿ ಇಳಿದಿದೆ, ಏರಲು ಆರು ಗಂಟೆ ಬೇಕು" ಎಂಬ ಲೆಕ್ಕ. ನೀರು ಆ ಆರು ಗಂಟೆಯನ್ನು ಸಮನಾಗಿ ಹಂಚಿಕೊಂಡು ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೆಯದಕ್ಕೆ ಮೂರು ಮೂರು, ಆಮೇಲೆ ಎರಡು, ಒಂದು. ಒಂದೂವರೆ ಮೀಟರಿನ ದಿನ ಮೊದಲ ಗಂಟೆಯಲ್ಲಿ ಏರುವುದು ಒಂದು ಗೇಣೂ ಇಲ್ಲ, 12 ಸೆಂಟಿಮೀಟರ್ ಚಿಲ್ಲರೆ. ಹಾಗಾಗಿ ಏರಿದ್ದೇ ತಿಳಿಯುವುದಿಲ್ಲ. ಮೂರನೆಯ ಗಂಟೆಯಲ್ಲಿ 37 ಸೆಂಟಿಮೀಟರ್ ದಾಟುತ್ತದೆ. ಪಾದ ಮುಳುಗುತ್ತಿದ್ದ ಕಡೆ ಒಂದೇ ಗಂಟೆಯಲ್ಲಿ ಮೊಣಕಾಲು, ಅದರ ಮೇಲೆ ಅಲೆ ಬೇರೆ.

ಬಂಡೆಯ ಮೇಲೆ ಹಸಿರು ಪಾಚಿ ಕಂಡಲ್ಲಿ ಕಾಲಿಡಬೇಡಿ, ಒರಟು ಚಿಪ್ಪಿರುವಲ್ಲಿ ಇಡಿ. ಅಂಗಾಲು ಪೂರ್ತಿ ಊರಿ, ಕೋಲು ಊರಿ, ಆಮೇಲೆ ಇನ್ನೊಂದು ಕಾಲು. ಸಂದಿಯನ್ನು ಹಾರಿ ದಾಟುವ ಹುಮ್ಮಸ್ಸು ಬೇಡ. ಹೋಗುವಾಗ ಹಾರಿದ್ದನ್ನು ಬರುವಾಗಲೂ ಹಾರಬೇಕು, ಆಗ ಅದರ ಅಂಚು ಒದ್ದೆಯಾಗಿರುತ್ತದೆ. ಮರಳಿನ ನೀರಿನಲ್ಲಿ ಕಾಲೆತ್ತಿ ಇಡಬೇಡಿ, ತೆವಳಿಸುತ್ತ ನಡೆಯಿರಿ. ಮರಳೊಳಗೆ ಹುದುಗಿದ ತೊರಕೆ ಮೀನು ಸದ್ದಿಗೆ ಸರಿದುಹೋಗುತ್ತದೆ, ಮೇಲೆ ಕಾಲಿಟ್ಟರೆ ಬಾಲದ ಮುಳ್ಳಿನಿಂದ ಹೊಡೆಯುತ್ತದೆ. ಹೊಡೆದರೆ ದಡಕ್ಕೆ ಬಂದು, ಚರ್ಮ ತಡೆಯುವಷ್ಟು ಬಿಸಿಯಾದ ನೀರಿನಲ್ಲಿ ಕಾಲಿಟ್ಟು ಕೂರಿ. ಅರ್ಧದಿಂದ ಒಂದೂವರೆ ಗಂಟೆಯಲ್ಲಿ ನೋವು ತಗ್ಗುತ್ತದೆ. ಗೂಡಂಗಡಿಯ ಚಹಾದ ಪಾತ್ರೆಯ ನೀರು ಸಾಕು, ಮೊದಲು ಕೈ ಅದ್ದಿ ನೋಡಿ. ಮುಳ್ಳು ಒಳಗೆ ಮುರಿದಿದ್ದರೆ ಕೀಳದೆ ಆಸ್ಪತ್ರೆಗೆ.

ಅಳಿವೆಯ ರಾಡಿಯಲ್ಲಿ ಕೋಲೇ ಮುಂದೆ. ಕೋಲು ಒಂದು ಗೇಣಿಗಿಂತ ಹೆಚ್ಚು ಸಲೀಸಾಗಿ ಇಳಿದರೆ ಅಲ್ಲಿ ಕಾಲು ಬೇಡ. ಹುಗಿದುಹೋದರೆ ಒಂದು ಕಾಲನ್ನು ಜೋರಾಗಿ ಕೀಳಲು ಹೋಗಬೇಡಿ, ಇನ್ನೊಂದು ಆಳಕ್ಕೆ ಇಳಿಯುತ್ತದೆ. ಹಿಂದಕ್ಕೆ ಒರಗಿ ಕೂತು, ಭಾರ ಹರಡಿ, ಕಾಲನ್ನು ಮೆಲ್ಲಗೆ ಅಲುಗಾಡಿಸುತ್ತ ನೀರು ಒಳಗೆ ಇಳಿಯಲು ಬಿಟ್ಟರೆ ರಾಡಿ ತಾನಾಗಿ ಸಡಿಲುತ್ತದೆ. ಬಟ್ಟೆ ಹೋಯಿತು ಎಂದು ಯೋಚಿಸುವ ಹೊತ್ತಲ್ಲ ಅದು.

ಕಾಳಿ ಮತ್ತು ಶರಾವತಿಯ ಅಳಿವೆಗಳಲ್ಲಿ ಇನ್ನೊಂದು ಲೆಕ್ಕವಿದೆ. ಮೇಲೆ ಅಣೆಕಟ್ಟುಗಳಿವೆ, ಕಾಳಿಗೆ ಕದ್ರಾ, ಶರಾವತಿಗೆ ಗೇರುಸೊಪ್ಪ. ವಿದ್ಯುತ್ತಿಗೆ ನೀರು ಬಿಟ್ಟಾಗ ಇಳಿತದ ಹೊತ್ತಿನಲ್ಲೂ ಹೊಳೆ ತುಂಬಿ, ಕಡಲ ಕಡೆಗೆ ಸೆಳೆತ ಜೋರಾಗಬಹುದು. ಕಡಲಿನ ಕೋಷ್ಟಕಕ್ಕೆ ಈ ವಿಷಯ ಗೊತ್ತಿಲ್ಲ. ಅಘನಾಶಿನಿಗೆ ಅಣೆಕಟ್ಟು ಇಲ್ಲ, ಹಾಗಾಗಿ ಹೊಸಬರಿಗೆ ನಾನು ಹೇಳುವುದು ಅಲ್ಲಿಂದಲೇ ಶುರುಮಾಡಿ ಎಂದು. ಅಳಿವೆಯ ಬಾಯಿಯಿಂದ ಒಳಕ್ಕೆ ಹೋದಷ್ಟೂ ಇಳಿತ ತಡವಾಗಿ ಬರುತ್ತದೆ ಎಂಬುದು ಎಲ್ಲ ಹೊಳೆಗೂ ಅನ್ವಯ.

ಮೇಲೆ ಹೋದ ಮೇಲೆ

ತಲುಪಿದ ಕೂಡಲೇ ನೀರಿನಂಚಿನಲ್ಲಿ ಒಂದು ಗುರುತು ಮಾಡಿ, ಮೊಬೈಲಿನಲ್ಲಿ ವಾಪಸ್ ಹೊತ್ತಿಗೆ ಅಲಾರಾಂ ಇಡಿ. ಗುಡ್ಡೆಯ ಮೇಲೆ ಊರ ದೈವಗಳಾದ ಜಟಗನದೋ ಮಾಸ್ತಿಯದೋ ಕಲ್ಲಿದ್ದರೆ ಚಪ್ಪಲಿ ದೂರ ಬಿಡಿ, ಇಟ್ಟದ್ದನ್ನು ಮುಟ್ಟಬೇಡಿ. ಬಿಳಿಹೊಟ್ಟೆಯ ಕಡಲ ಹದ್ದು ತಲೆ ಮೇಲೆ ಸುತ್ತುತ್ತ ಕೂಗುತ್ತಿದ್ದರೆ ಹತ್ತಿರದಲ್ಲಿ ಗೂಡಿದೆ ಎಂದರ್ಥ, ಆ ಕಡೆ ಹೋಗಬೇಡಿ. ಹವಳ ಮತ್ತು ಹಲವು ಜಾತಿಯ ಶಂಖಗಳು 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಿತ, ಚಂದ ಕಂಡಿತು ಎಂದು ಚೀಲಕ್ಕೆ ಹಾಕುವುದು ತಪ್ಪು. ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆಯಿಡುವ ಬೇಲೆಗಳಲ್ಲಿ ಅರಣ್ಯ ಇಲಾಖೆಯವರು ಬೇಲಿ ಕಟ್ಟಿರುತ್ತಾರೆ, ಸುತ್ತಿ ಹೋಗಿ.

ಸಿಕ್ಕಿಹಾಕಿಕೊಂಡರೆ ಈಜಬೇಡಿ. ದಡ ಐವತ್ತು ಹೆಜ್ಜೆ ಎಂದು ಕಾಣುತ್ತದೆ, ಆದರೆ ಗುಡ್ಡೆಗೂ ದಡಕ್ಕೂ ನಡುವಿನ ಸಂದಿಯಲ್ಲೇ ಸೆಳೆತ ಎಲ್ಲಕ್ಕಿಂತ ಜೋರು. ಹುಲ್ಲಿರುವ ನೆತ್ತಿಗೆ ಹತ್ತಿ ಕೂತು ಫೋನ್ ಮಾಡಿ. ಕರಾವಳಿ ಕಾವಲು ಪೊಲೀಸ್ 1093, ತಟರಕ್ಷಣಾ ಪಡೆ 1554, ಯಾವುದೂ ನೆನಪಾಗದಿದ್ದರೆ 112. ಸೀಟಿ ಊದಿ. ಹತ್ತಿರ ದೋಣಿ ಕಂಡರೆ ಬಟ್ಟೆ ಬೀಸಿ. ಯಾರೂ ಬರದಿದ್ದರೆ ಮುಂದಿನ ಇಳಿತದವರೆಗೆ ಕೂತಿರುವುದು, ಬೆಳಗಿನ ನಡಿಗೆಯಾದರೆ ಅದು ಬರುವುದು ಸುಮಾರು ಹನ್ನೆರಡೂವರೆ ಗಂಟೆ ಬಿಟ್ಟು, ಕತ್ತಲಾದ ಮೇಲೆ, ಮತ್ತು ಆ ಇಳಿತ ದಾರಿ ತೆರೆಯುವಷ್ಟು ಇಳಿಯದೆಯೂ ಇರಬಹುದು. ಹಸಿವೆಯಾಗುತ್ತದೆ, ಮೈ ಸುಡುತ್ತದೆ, ಅಷ್ಟೇ.

ದಾರಿ ಯಾರದು

ಕರ್ನಾಟಕ ಭೂಕಂದಾಯ ಕಾಯ್ದೆ 1964ರ 67ನೇ ಕಲಮಿನ ಪ್ರಕಾರ ಭರತದ ಗೆರೆಯ ಕೆಳಗಿನ ಕಡಲ, ಅಳಿವೆಯ ತಳ ಸರ್ಕಾರದ್ದು. ಭರತ-ಇಳಿತದ ನಡುವಿನ ಪಟ್ಟಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಡಿಯೂ ಬರುತ್ತದೆ. ಅದರ ಮೇಲೆ ಯಾವ ರೆಸಾರ್ಟಿನವರೂ "ಇದು ನಮ್ಮ ಖಾಸಗಿ ಬೀಚು" ಎಂದು ಹಗ್ಗ ಕಟ್ಟುವಂತಿಲ್ಲ. ತಕರಾರು ಬರುವುದು ಅಲ್ಲಿಯವರೆಗೆ ಹೋಗುವ ದಾರಿಯಲ್ಲಿ. ರಸ್ತೆಯಿಂದ ಬೇಲೆಗೆ ಇಳಿಯುವ ಕಾಲುದಾರಿ ಯಾರದೋ ತೆಂಗಿನ ತೋಟದ ಒಳಗಿನಿಂದಲೋ ಮನೆಯಂಗಳದಿಂದಲೋ ಹಾದಿರುತ್ತದೆ. ಬೇಲೆ ಎಲ್ಲರದು ಎಂದ ಮಾತ್ರಕ್ಕೆ ಅಂಗಳ ಎಲ್ಲರದಾಗುವುದಿಲ್ಲ. ಪಂಚಾಯ್ತಿ ರಸ್ತೆಯಿಂದಲೋ ಮೀನುಗಾರರ ಕೇರಿಯ ಓಣಿಯಿಂದಲೋ ಇಳಿಯಿರಿ, ಒಣಗಲು ಹರವಿದ ಬಲೆಯನ್ನು ತುಳಿಯಬೇಡಿ. ರಂಪಣಿ (ದಡದಿಂದ ಎಳೆಯುವ ದೊಡ್ಡ ಬಲೆ) ಎಳೆಯುತ್ತಿದ್ದರೆ ಹಗ್ಗ ದಾಟದೆ ಕಾಯಿರಿ. ಕರೆದರೆ ನೀವೂ ಒಂದು ಕೈ ಹಾಕಿ, ಅಷ್ಟರಲ್ಲಿ ಇಳಿತದ ಹೊತ್ತು ಅವರಿಂದಲೇ ತಿಳಿಯುತ್ತದೆ. ಅಳಿವೆಯ ಕಡೆ ಗಜನಿಯ (ಉಪ್ಪುನೀರಿನಂಚಿನ ಗದ್ದೆಯ) ದಂಡೆಯ ಮೇಲೆ ನಡೆಯುವುದಾದರೆ ಕೇಳಿಯೇ ನಡೆಯಿರಿ. ಆ ಮಣ್ಣಿನ ದಂಡೆ ಒಡೆದರೆ ಕಗ್ಗ ಭತ್ತ ಬೆಳೆಯುವ ಗದ್ದೆಗೆ ಉಪ್ಪುನೀರು ನುಗ್ಗುತ್ತದೆ.

ಹಿಂದಿನಿಂದ ಎಲ್ಲರೂ ಓಡಾಡುತ್ತಿದ್ದ ದಾರಿಗೆ ಯಾರಾದರೂ ಹೊಸದಾಗಿ ಗೇಟು ಹಾಕಿದ್ದರೆ ಅಲ್ಲೇ ಜಗಳಕ್ಕೆ ನಿಲ್ಲಬೇಡಿ. ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ನೋಡಿ. ಆಮೇಲೆ ಗ್ರಾಮ ನಕಾಶೆಯ ಪ್ರತಿ ತೆಗೆಸಿ. ಅದರಲ್ಲಿ ಚುಕ್ಕೆಗೆರೆಯ ಕಾಲುದಾರಿ ಕಂಡರೆ ನಿಮ್ಮ ಮಾತಿಗೆ ಬಲ ಬಂತು. ಗೇಟಿನ ಫೋಟೋ, ಸರ್ವೆ ನಂಬರ್, ನಕಾಶೆಯ ಪ್ರತಿ ಸೇರಿಸಿ ಗ್ರಾಮ ಪಂಚಾಯ್ತಿಗೂ ತಹಶೀಲ್ದಾರರಿಗೂ ಅರ್ಜಿ ಕೊಡಿ. ಗೇಟು ಭರತದ ಗೆರೆಯೊಳಗೇ ಬಂದಿದ್ದರೆ ಕಾರವಾರದಲ್ಲಿರುವ ಪರಿಸರ ಇಲಾಖೆಯ ಪ್ರಾದೇಶಿಕ ಕಚೇರಿಗೂ ಒಂದು ಪ್ರತಿ ಹೋಗಲಿ. ಊರಿನವರ ಸಹಿ ಇಲ್ಲದೆ ಬರೀ ಹೊರಗಿನವರ ಅರ್ಜಿಯಾದರೆ ಕಡತ ಮುಂದೆ ಸರಿಯುವುದಿಲ್ಲ, ಹಾಗಾಗಿ ಮೀನುಗಾರರ ಸಹಕಾರಿ ಸಂಘದವರನ್ನು ಮೊದಲು ಮಾತಾಡಿಸಿ. ಕೊಟ್ಟ ಅರ್ಜಿಯ ನಿಮ್ಮ ಪ್ರತಿಗೆ ತಾರೀಖು ಸಮೇತ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.